ಹಿತ್ತಲಲ್ಲೊಂದು ಹೊಂಡ

ಹೊರಗೆ ಮಳೆ ಬರ್ತಾ ಇದೆ. ಆದರೂ ಇಷ್ಟು ಜನ ಕಲಿಕಾ ಕೇಂದ್ರಕ್ಕೆ ಬಂದಿದ್ದೀರಿ. ಬಹಳ ಸಂತೋಷ. ಮಳೆ ಬರುವ ದಿನ ಮಳೆಯ ಮಾತನ್ನೇ ಆಡೋಣ.

ನಮ್ಮಲ್ಲಿ ಒಂದು ಗಾದೆ ಇದೆ. ಬಾಯಾರಿದಾಗ ಬಾವಿ ತೋಡಿದರು ಅಂತ. ಬೇಸಿಗೆಯಲ್ಲಿ ನಲ್ಲಿ ಒಣಗಿದಾಗ ನಾವು ನೀರಿನ ಯೋಚನೆ ಮಾಡ್ತೀವಿ. ಮಳೆಗಾಲ ಬಂದರೆ ಮರೆತುಬಿಡ್ತೀವಿ. ಇದು ತಲೆಕೆಳಗಾದ ಲೆಕ್ಕ ಅಲ್ವೇ? ನೀರು ಹಿಡಿಯುವ ಕೆಲಸ ಮಳೆಗಾಲದ್ದು. ಮಣ್ಣು ಮೆತ್ತಗಿರುವುದೂ ಆಗಲೇ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಕಣ್ಣಿಗೆ ಕಾಣುವುದೂ ಆಗಲೇ.

ಆದರೆ ಹಸಿ ಮಣ್ಣು ಕುಸಿಯುವುದೂ ಆಗಲೇ. ಹಾಗಾಗಿ ಇವತ್ತು ಎರಡು ಮಾತು ಹೇಳಬೇಕು. ಹಿತ್ತಲಲ್ಲಿ ಒಂದು ಚಿಕ್ಕ ಹೊಂಡ ತೋಡುವುದು ಹೇಗೆ? ತೋಡುವಾಗ, ತೋಡಿದ ಮೇಲೆ, ಯಾರಿಗೂ ಅಪಾಯ ಆಗದಂತೆ ನೋಡಿಕೊಳ್ಳುವುದು ಹೇಗೆ?

ನಮ್ಮ ಊರಿನ ನೀರಿನ ಕಥೆ

ಬೆಂಗಳೂರಿನಲ್ಲಿ ದೊಡ್ಡ ಹೊಳೆ ಇಲ್ಲ. ನಮ್ಮದು ದಿಣ್ಣೆಯ ಮೇಲಿನ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿ ಬಿದ್ದ ಮಳೆ ಎರಡು ಕಡೆ ಇಳಿದು ಹೋಗುತ್ತದೆ. ಒಂದು ಕಡೆಯ ನೀರು ವೃಷಭಾವತಿಯಲ್ಲಿ ಹರಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಇನ್ನೊಂದು ಕಡೆಯದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ.

ಹೊಳೆ ಇಲ್ಲದ ಊರಿನಲ್ಲಿ ಜನ ಹೇಗೆ ಬದುಕಿದರು? ಕೆರೆ ಕಟ್ಟಿದರು. ಬಾವಿ ತೋಡಿದರು. ಕಲ್ಯಾಣಿ ಮಾಡಿದರು. ಗವಿಪುರದ ಹತ್ತಿರ ಕೆಂಪಾಂಬುಧಿ ಕೆರೆ ಇದೆ. ಅದು ಕೆಂಪೇಗೌಡರ ಮನೆತನದ ಕಾಲದ್ದು. ಮಲ್ಲೇಶ್ವರದ ಪಕ್ಕದಲ್ಲಿ ಸ್ಯಾಂಕಿ ಕೆರೆ ಇದೆ. ಅದನ್ನು 1882ರಲ್ಲಿ ಕಟ್ಟಿದರು. ಧರ್ಮಾಂಬುಧಿ ಕೆರೆ ಇತ್ತು. ಈಗ ಅಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆ ಇತ್ತು. ಈಗ ಅಲ್ಲಿ ಕಂಠೀರವ ಕ್ರೀಡಾಂಗಣ ಇದೆ. ದಿನವೂ ಬಸ್ಸು ಹತ್ತುವ ಜಾಗ ಒಂದು ಕಾಲಕ್ಕೆ ಕೆರೆಯ ಅಂಗಳವಾಗಿತ್ತು!

1898ರಲ್ಲಿ ಊರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನಲ್ಲಿ ಬಹಳ ಜನ ಸತ್ತರು. ಆ ಕಾಲದಲ್ಲೇ ಬಸವನಗುಡಿ, ಮಲ್ಲೇಶ್ವರ ಬೆಳೆದವು. ಗಾಳಿ ಬೆಳಕು ಇರಲಿ ಅಂತ ಅಗಲವಾದ ರಸ್ತೆ, ಮನೆಗೆ ಹಿತ್ತಲು ಬಿಟ್ಟರು. ಹಿತ್ತಲಲ್ಲಿ ತೆಂಗು, ಹಲಸು, ಕರಿಬೇವು. ಎಷ್ಟೋ ಮನೆಗಳಲ್ಲಿ ಒಂದು ಸೇದುವ ಬಾವಿ.

ಆಮೇಲೆ ಕೊಳಾಯಿ ಬಂತು. ಮೊದಲು 1890ರ ದಶಕದಲ್ಲಿ ಹೆಸರಘಟ್ಟದ ನೀರು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು. 1974ರಲ್ಲಿ ಕಾವೇರಿ ನೀರು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ಸುಮ್ಮನೆ ಹರಿದು ಬರುವುದಿಲ್ಲ. ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಹಾಕಿ ಏರಿಸಬೇಕು. ನಲ್ಲಿ ತಿರುಗಿಸಿದರೆ ನೀರು ಬಂತು. ಬಾವಿ ಯಾಕೆ ಅಂತ ಜನ ಮುಚ್ಚಿದರು. ಕೆಲವರು ಬಾವಿಯಲ್ಲಿ ಕಸ ಹಾಕಿದರು.

ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರನ ಗುಡಿಯ ಎದುರಿಗೆ ಒಂದು ಕಲ್ಯಾಣಿ ಇದೆ. ನಂದಿ ತೀರ್ಥ ಅಂತಾರೆ. ಅದು ಮಣ್ಣಿನಡಿ ಹೂತುಹೋಗಿತ್ತು. 1990ರ ದಶಕದ ಕೊನೆಯಲ್ಲಿ ಅಗೆದಾಗ ಮೆಟ್ಟಿಲು, ಕಂಬ, ನಂದಿ ಎಲ್ಲ ಹೊರಗೆ ಬಂದವು. ನಂದಿಯ ಬಾಯಿಂದ ನೀರು ಬೀಳುತ್ತಲೇ ಇತ್ತು. ಮೇಲೆ ನಾವು ಓಡಾಡುತ್ತಿದ್ದೆವು. ಕೆಳಗೆ ನೀರು ತನ್ನ ಪಾಡಿಗೆ ಇತ್ತು. ಇದರಿಂದ ನಮಗೆ ಏನು ತಿಳಿಯುತ್ತದೆ? ಬೆಂಗಳೂರಿನ ನೆಲ ನೀರು ಕೊಡದ ನೆಲವಲ್ಲ. ನಾವು ಅದರ ಬಾಯಿ ಮುಚ್ಚಿದ್ದೀವಿ, ಅಷ್ಟೆ.

2024ರ ಬೇಸಿಗೆ ನೆನಪಿದೆಯಾ? ಬೋರು ಬತ್ತಿದವು. ಟ್ಯಾಂಕರಿಗೆ ಜನ ಕಾದರು. ಆ ಮಾರ್ಚಿನಲ್ಲಿ ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು. ತಪ್ಪಿದರೆ 5,000 ರೂಪಾಯಿ ದಂಡ. ಅದೇ ವರ್ಷ ಮಳೆ ಬಂತು. ಬಂದ ನೀರು ಚರಂಡಿಗೆ ಹೋಯಿತು.

ಮಳೆಯ ಲೆಕ್ಕ

ಈಗ ಲೆಕ್ಕ ಮಾಡೋಣ. ಪಾಟಿ, ಬಳಪ ತೆಗೆದುಕೊಳ್ಳಿ.

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 95 ಸೆಂಟಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಎಲ್ಲಕ್ಕಿಂತ ಜಾಸ್ತಿ ಬೀಳುವುದು ಸೆಪ್ಟೆಂಬರಿನಲ್ಲಿ. ಹಿರಿಯರ ಮಾತಿನಲ್ಲಿ ಹೇಳಿದರೆ ಹುಬ್ಬೆ, ಉತ್ತರೆ ಮಳೆ.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ತೆಗೆದುಕೊಳ್ಳಿ. ಅದರ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 10 ಲೀಟರ್ ನೀರು. ನಮ್ಮ ಮನೆಯ ಚಾವಣಿ 20 ಅಡಿಗೆ 30 ಅಡಿ ಅಂತ ಇಟ್ಟುಕೊಳ್ಳಿ. ಅದು ಸುಮಾರು 56 ಚದರ ಮೀಟರ್. ಒಂದು ಸೆಂಟಿಮೀಟರ್ ಮಳೆಗೆ 560 ಲೀಟರ್. ಸ್ವಲ್ಪ ಒಣಗುತ್ತದೆ, ಸ್ವಲ್ಪ ಚೆಲ್ಲುತ್ತದೆ. 500 ಲೀಟರ್ ಅಂತ ಹಿಡಿಯೋಣ.

ಈಗ ಹೊಂಡ. ಮೇಲೆ 8 ಅಡಿ ಉದ್ದ, 6 ಅಡಿ ಅಗಲ. ತಳದಲ್ಲಿ 6 ಅಡಿ ಉದ್ದ, 4 ಅಡಿ ಅಗಲ. ಆಳ 2 ಅಡಿ. ಇದರಲ್ಲಿ ಸುಮಾರು 2,000 ಲೀಟರ್ ನೀರು ಹಿಡಿಯುತ್ತದೆ. 15 ಲೀಟರಿನ ಕೊಡದಲ್ಲಿ ಅಳೆದರೆ 130 ಕೊಡಕ್ಕೂ ಹೆಚ್ಚು. ನಾಲ್ಕು ಸೆಂಟಿಮೀಟರ್ ಮಳೆ ಬಂದರೆ ಹೊಂಡ ತುಂಬಿತು. ಸೆಪ್ಟೆಂಬರಿನಲ್ಲಿ ಅಷ್ಟು ಮಳೆ ಒಂದೇ ಸಂಜೆ ಬೀಳುವುದೂ ಉಂಟು.

ಇದು ಕುಡಿಯುವ ನೀರಲ್ಲ. ಗಿಡಕ್ಕೆ, ಅಂಗಳಕ್ಕೆ, ಪಾಯಿಖಾನೆಗೆ ಆಗುತ್ತದೆ. ಅಷ್ಟು ಕಾವೇರಿ ನೀರು ಉಳಿಯಿತು.

ಎಲ್ಲಿ ತೋಡಬೇಕು? ಎಲ್ಲಿ ತೋಡಬಾರದು?

ಮೊದಲು ಒಂದು ದಿನ ಮಳೆಯಲ್ಲಿ ಛತ್ರಿ ಹಿಡಿದು ಹಿತ್ತಲಲ್ಲಿ ನಿಲ್ಲಿ. ಚಾವಣಿಯ ನೀರು ಎಲ್ಲಿ ಬೀಳುತ್ತದೆ? ಯಾವ ಕಡೆ ಹರಿಯುತ್ತದೆ? ಎಲ್ಲಿ ನಿಲ್ಲುತ್ತದೆ? ಕಡ್ಡಿ ನೆಟ್ಟು ಗುರುತು ಮಾಡಿ. ಇಂಜಿನಿಯರು ಬೇಡ. ನೀರೇ ಮಟ್ಟ ತೋರಿಸುತ್ತದೆ.

ಮನೆಯ ಗೋಡೆಯಿಂದ, ಕಾಂಪೌಂಡಿನಿಂದ 10 ಅಡಿಯಾದರೂ ದೂರ ಇರಬೇಕು. ಇದು ಬಹಳ ಮುಖ್ಯ. ಚಾಮರಾಜಪೇಟೆ, ಬಸವನಗುಡಿಯ ಹಳೆಯ ಮನೆಗಳಿಗೆ ಕಲ್ಲು ಮಣ್ಣಿನ ತಳಪಾಯ ಇರುತ್ತದೆ. ಮಣ್ಣಿನ ಗಾರೆಯ ಗೋಡೆ ಇರುತ್ತದೆ. ಅದರ ಬುಡದಲ್ಲಿ ನೀರು ನಿಂತರೆ ಗೋಡೆ ಕೂರುತ್ತದೆ. ಮಳೆಗಾಲದಲ್ಲಿ ಕಾಂಪೌಂಡ್ ಬಿದ್ದು ಜನ ಸಾಯುವುದನ್ನು ಪೇಪರಿನಲ್ಲಿ ಓದುತ್ತೀವಿ. ಆ ಸುದ್ದಿ ನಮ್ಮ ಹಿತ್ತಲದ್ದು ಆಗಬಾರದು.

ಅಷ್ಟು ಜಾಗ ಇಲ್ಲವೇ? ಹೊಂಡ ತೋಡಬೇಡಿ. ಚಾವಣಿಯ ಪೈಪಿಗೆ ಒಂದು ಡ್ರಮ್ಮು ಇಡಿ. ಮುಚ್ಚಳ ಹಾಕಿ. ಅದೂ ಮಳೆಕೊಯ್ಲೇ.

ದೊಡ್ಡ ಮರದ ಬುಡದಲ್ಲಿ ತೋಡಬೇಡಿ. ಬೇರು ಕಡಿದರೆ ಗಾಳಿಮಳೆಗೆ ಮರ ಉರುಳುತ್ತದೆ. ಕರೆಂಟಿನ ಅರ್ತ್ ಗುಂಡಿ ಎಲ್ಲಿದೆ ನೋಡಿ. ಕಾವೇರಿ ಪೈಪು, ಒಳಚರಂಡಿ ಪೈಪು ಎಲ್ಲಿ ಹೋಗಿದೆ ಕೇಳಿ. ಒಳಚರಂಡಿ ಇಲ್ಲದ ಕಾಲದಲ್ಲಿ ಹಿತ್ತಲ ಕಡೆಯೇ ಪಾಯಿಖಾನೆ ಇರುತ್ತಿತ್ತು. ಹಿಂದಿನ ಗಲ್ಲಿಯಿಂದ ಬಂದು ಮಲ ಹೊರುತ್ತಿದ್ದರು. ಕೆಲವು ಕಡೆ ಹಳೆಯ ಗುಂಡಿ ಈಗಲೂ ಮಣ್ಣಿನಡಿ ಇರಬಹುದು. ಅಗೆಯುವಾಗ ಕಪ್ಪು ಮಣ್ಣು, ಕೆಟ್ಟ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಯಾರನ್ನೂ ಇಳಿಸಬೇಡಿ. ಮುಚ್ಚಿಬಿಡಿ. ಮಲದ ಗುಂಡಿಗೆ ಮನುಷ್ಯರನ್ನು ಇಳಿಸಿ ಚೊಕ್ಕಟ ಮಾಡಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ.

ನಾವು ಬಾಡಿಗೆಗೆ ಇರುವವರು, ವಠಾರದಲ್ಲಿ ಇರುವವರು. ನೆಲ ನಮ್ಮದಲ್ಲ. ಹಾಗಾದರೆ ಮಾಲೀಕರನ್ನು ಕೇಳಿ. ಎಲ್ಲ ಮನೆಯವರೂ ಸೇರಿ ಕೇಳಿ. ಒಪ್ಪಿದರೆ ಎರಡು ಸಾಲು ಬರೆಸಿಕೊಳ್ಳಿ. ಓದಿ ನೋಡಿ ಸಹಿ ಹಾಕಿ. ಈಗ ನಾವು ಹೆಬ್ಬೆಟ್ಟಿನವರಲ್ಲ.

ಮಳೆಗಾಲದಲ್ಲಿ ತೋಡುವ ಬಗೆ

ಮಳೆ ಬೀಳುವಾಗ ತೋಡಬಾರದು. ಮಳೆ ನಿಂತ ಮೇಲೆ ಒಂದೆರಡು ದಿನ ಬಿಡಿ. ನೆಲ ಹದಕ್ಕೆ ಬರಲಿ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ. ಉಂಡೆಯಾಗಿ ನಿಂತರೆ ಹದ. ಬೆರಳ ಸಂದಿನಿಂದ ಕೆಸರು ಜಾರಿದರೆ ಇನ್ನೂ ಕಾಯಿರಿ.

ಮೊದಲು ಹೊಂಡ ತೋಡಬೇಡಿ, ಕಾಲುವೆ ತೋಡಿ. ಎತ್ತರದ ಕಡೆ ಒಂದು ಅಡ್ಡ ಕಾಲುವೆ ಮಾಡಿ. ಮಧ್ಯೆ ಮಳೆ ಬಂದರೆ ನೀರು ಅಲ್ಲಿಂದ ಪಕ್ಕಕ್ಕೆ ಹೋಗುತ್ತದೆ. ಅರ್ಧ ತೋಡಿದ ಗುಂಡಿಗೆ ನುಗ್ಗುವುದಿಲ್ಲ.

ಹಗ್ಗ ಹಿಡಿದು ಅಳತೆ ಹಾಕಿ. ಸುಣ್ಣದಲ್ಲಿ ಗೆರೆ ಎಳೆಯಿರಿ. ಮೇಲಿನ ಅರ್ಧ ಅಡಿ ಮಣ್ಣು ಫಲವತ್ತಾದ ಮಣ್ಣು. ಅದನ್ನು ಬೇರೆ ರಾಶಿ ಮಾಡಿ. ಗಿಡಕ್ಕೆ ಬೇಕು. ಕೆಳಗೆ ಕೆಂಪು ಮಣ್ಣು, ಅದರ ಕೆಳಗೆ ಗೊರಸು ಮಣ್ಣು ಸಿಗುತ್ತದೆ. ಅದನ್ನು ಇನ್ನೊಂದು ರಾಶಿ ಮಾಡಿ.

ಒಟ್ಟು ಎಷ್ಟು ಮಣ್ಣು ಬರುತ್ತದೆ ಗೊತ್ತೇ? ಎರಡು ಘನ ಮೀಟರ್. ಹಸಿ ಮಣ್ಣಾದರೆ ಸುಮಾರು ಮೂರೂವರೆ ಟನ್ ತೂಕ. 15 ಕಿಲೋದ ಬಾಂಡ್ಲಿಯಲ್ಲಿ ಹೊತ್ತರೆ 230 ಬಾಂಡ್ಲಿ. ಒಬ್ಬರ ಕೆಲಸ ಅಲ್ಲ ಇದು. ನಾಲ್ಕು ಜನ ಸೇರಿ. ಸರದಿಯಲ್ಲಿ ಮಾಡಿ. ಮಣ್ಣನ್ನು ಅಂಚಿನಲ್ಲೇ ಸುರಿಯಬೇಡಿ. ಮೂರು ಅಡಿ ದೂರ ಹಾಕಿ. ಅಂಚಿನ ಮೇಲೆ ಭಾರ ಬಿದ್ದರೆ ಹಸಿ ದಂಡೆ ಒಳಗೆ ಕುಸಿಯುತ್ತದೆ. ರಾಶಿಯ ಮೇಲೆ ಟಾರ್ಪಾಲು ಮುಚ್ಚಿ. ಇಲ್ಲದಿದ್ದರೆ ಮುಂದಿನ ಮಳೆಗೆ ಅದೆಲ್ಲ ಚರಂಡಿಗೆ ಹೋಗಿ ಬೀದಿಯವರಿಗೆ ತೊಂದರೆ.

ದಂಡೆ ನೆಟ್ಟಗೆ ಇರಬಾರದು. ಇಳಿಜಾರು ಇರಬೇಕು. ಒಂದು ಅಡಿ ಇಳಿದರೆ ಅರ್ಧ ಅಡಿ ಒಳಗೆ ಬರಬೇಕು. ದಂಡೆಯಲ್ಲಿ ಬಿರುಕು ಕಂಡರೆ ಎಲ್ಲರೂ ಹೊರಗೆ ಬನ್ನಿ. ಎರಡು ಅಡಿಗಿಂತ ಆಳಕ್ಕೆ ನಾವು ನಾವೇ ಹೋಗುವುದು ಬೇಡ. ಒಂದು ಘನ ಅಡಿ ಹಸಿ ಮಣ್ಣು ಸುಮಾರು 50 ಕಿಲೋ. ಅದು ಎದೆಯ ಮೇಲೆ ಬಿದ್ದರೆ ಉಸಿರು ಎಳೆಯಲು ಆಗುವುದಿಲ್ಲ.

ಮಳೆ ಶುರುವಾದರೆ ಕೆಲಸ ನಿಲ್ಲಿಸಿ. ಗುಡುಗು ಕೇಳಿದರೆ ಮನೆ ಒಳಗೆ ಹೋಗಿ. ರಾತ್ರಿ ಗುಂಡಿಯ ಸುತ್ತ ಹಗ್ಗ ಕಟ್ಟಿ. ಬಿಳಿ ಬಟ್ಟೆ ತೂಗುಹಾಕಿ.

ನೀರು ನಿಲ್ಲಬೇಕೇ? ಇಂಗಬೇಕೇ?

ತಳದಲ್ಲಿ ಒಂದು ಅಡಿಯ ಚಿಕ್ಕ ಕುಳಿ ಮಾಡಿ. ನೀರು ತುಂಬಿ. ಗಡಿಯಾರ ನೋಡಿ. ಎರಡು ಮೂರು ಗಂಟೆಯಲ್ಲಿ ಖಾಲಿ ಆದರೆ ನಿಮ್ಮ ನೆಲ ನೀರು ಕುಡಿಯುವ ನೆಲ. ಮಾರನೆಯ ದಿನವೂ ನೀರು ಉಳಿದಿದ್ದರೆ ಅದು ಜಿಗುಟು ನೆಲ.

ನೀರು ಇಂಗಿದರೆ ನಷ್ಟ ಅಂತ ತಿಳಿಯಬೇಡಿ. ಇಂಗಿದ ನೀರು ಎಲ್ಲೂ ಓಡಿಹೋಗಲ್ಲ. ನಿಮ್ಮ ತೆಂಗಿನ ಬೇರಿಗೆ, ಪಕ್ಕದ ಮನೆಯ ಬಾವಿಗೆ ಸಿಗುತ್ತದೆ. ಹಾಗೆ ಬಿಟ್ಟರೆ ಅದು ಇಂಗುಗುಂಡಿ.

ನೀರು ನಿಲ್ಲಲೇಬೇಕು ಅಂದರೆ ಎರಡು ದಾರಿ ಇವೆ. ಮೊದಲನೆಯದು ಜೇಡಿಮಣ್ಣು. ಅರ್ಧ ಅಡಿ ದಪ್ಪ ಹರಡಿ, ನೀರು ಚಿಮುಕಿಸಿ, ಕಾಲಲ್ಲಿ ಚೆನ್ನಾಗಿ ತುಳಿಯಬೇಕು. ಹಿಂದಿನವರು ಕೆರೆ ಏರಿಯ ಮಣ್ಣನ್ನು ಹೀಗೇ ತುಳಿಸುತ್ತಿದ್ದರು. ಅಪ್ಪಣೆ ಇಲ್ಲದೆ ಕೆರೆಯ ಮಣ್ಣು ತರಬೇಡಿ. ಎರಡನೆಯದು ದಪ್ಪ ಪ್ಲಾಸ್ಟಿಕ್ ಹಾಳೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಲ್ಲಿ ಹಳ್ಳಿಯ ರೈತರು ಕೃಷಿ ಹೊಂಡಕ್ಕೆ ಹಾಸಿದ್ದು ಇಂಥ ಹಾಳೆಯನ್ನೇ. ಹಾಳೆ ಹಾಸುವ ದಿನ ತಳ ಒಣಗಿರಲಿ. ಕಲ್ಲು, ಬೇರು ಆರಿಸಿ ತೆಗೆಯಿರಿ. ಕೆಸರಿನ ಮೇಲೆ ಹಾಸಿದರೆ ಅಡಿಯಲ್ಲಿ ನೀರು ಸೇರಿ ಹಾಳೆ ಉಬ್ಬುತ್ತದೆ.

ಮೊದಲ ಮಳೆಯ ನೀರನ್ನು ಹೊಂಡಕ್ಕೆ ಬಿಡಬೇಡಿ. ಅದು ಚಾವಣಿಯ ಧೂಳು, ಹಕ್ಕಿಯ ಹಿಕ್ಕೆ ತೊಳೆದು ತರುತ್ತದೆ. ಪೈಪಿನ ಬಾಯಿಗೆ ಜಾಲರಿ ಕಟ್ಟಿ. ನೀರು ಬೀಳುವ ಕಡೆ ಚಪ್ಪಡಿ ಕಲ್ಲು ಇಡಿ. ಹೊಂಡ ತುಂಬಿದ ಮೇಲೆ ನೀರು ಹೋಗಲು ಒಂದು ಕೋಡಿ ಬೇಕು. ಕೋಡಿ ಇಲ್ಲದ ಕೆರೆ ಒಡೆಯುತ್ತದೆ. ಕೋಡಿಯ ನೀರು ಪಕ್ಕದ ಮನೆಗೆ ನುಗ್ಗಬಾರದು. ಜಲ್ಲಿ ತುಂಬಿದ ಇಂಗುಗುಂಡಿಗೆ ಬಿಡಿ.

ಸೊಳ್ಳೆ, ಮಗು

ಹೊಂಡ ಅಂದ ತಕ್ಷಣ ನಮ್ಮ ಅಕ್ಕಂದಿರು ಕೇಳುವುದು ಒಂದೇ ಪ್ರಶ್ನೆ. ಸೊಳ್ಳೆ ಆಗಲ್ವಾ? ಸರಿಯಾದ ಪ್ರಶ್ನೆ. ಡೆಂಗಿ ತರುವ ಸೊಳ್ಳೆ ನಿಂತ ತಿಳಿನೀರಿನಲ್ಲೇ ಮೊಟ್ಟೆ ಇಡುತ್ತದೆ. ಏಳರಿಂದ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಹಗಲು ಹೊತ್ತೇ ಕಚ್ಚುತ್ತದೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆಯ ಸುತ್ತ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂತಲೂ ಹೇಳಿತು.

ಇದಕ್ಕೆ ಉಪಾಯ ಮೀನು. ಗಪ್ಪಿ ಮೀನು ಸೊಳ್ಳೆಯ ಮರಿಯನ್ನು ತಿನ್ನುತ್ತದೆ. ಹೊಂಡ ತುಂಬಿದ ಕೂಡಲೇ ಹತ್ತಿಪ್ಪತ್ತು ಮೀನು ಬಿಡಿ. ಆ ಮೀನನ್ನು ಕೆರೆಗೆ ಮಾತ್ರ ಬಿಡಬೇಡಿ. ಅಲ್ಲಿನ ಮೀನಿಗೆ ತೊಂದರೆ. ಕಪ್ಪೆ, ಕೊಡತಿ ಹುಳು ಅಂತ ಮಕ್ಕಳು ಕರೆಯುವ ಏರೋಪ್ಲೇನ್ ಚಿಟ್ಟೆ ತಾವಾಗಿಯೇ ಬರುತ್ತವೆ. ಓಡಿಸಬೇಡಿ. ಅವುಗಳೂ ನಮ್ಮ ಕಡೆಯವೇ. ಅಂಚಿನಲ್ಲಿ ಕೆಸು, ಬಜೆ, ಒಂದೆಲಗ ಹಾಕಿ. ಅಂತರಗಂಗೆ ಹಾಕಬೇಡಿ, ಹೊಂಡವನ್ನೇ ಮುಚ್ಚಿಬಿಡುತ್ತದೆ. ವಾರಕ್ಕೊಮ್ಮೆ ನೀರಿನಲ್ಲಿ ಇಣುಕಿ ನೋಡಿ. ಚಿಕ್ಕ ಹುಳು ತಲೆಕೆಳಗಾಗಿ ತೂಗುತ್ತಿದ್ದರೆ ಮೀನು ಸಾಲದು ಅಂತ ಅರ್ಥ. ಮೀನು ಸಾಕಲು ಆಗದಿದ್ದರೆ ನೀರು ನಿಲ್ಲಿಸುವ ಹೊಂಡ ಬೇಡ. ಇಂಗುಗುಂಡಿ ಸಾಕು.

ಸೊಳ್ಳೆಗಿಂತ ದೊಡ್ಡ ಭಯ ಇನ್ನೊಂದು. ಅಂಬೆಗಾಲಿಡುವ ಮಗು ಮುಳುಗಲು ಎರಡು ಅಡಿ ನೀರು ಬೇಕಿಲ್ಲ. ಒಂದು ಗೇಣು ಸಾಕು. ಕೂಗುವುದೂ ಇಲ್ಲ, ಸದ್ದೂ ಆಗುವುದಿಲ್ಲ. ಆದ್ದರಿಂದ ನೀರು ತುಂಬುವ ಮೊದಲೇ ಬೇಲಿ ಆಗಬೇಕು. ಎದೆ ಎತ್ತರದ ಬೇಲಿ, ಚಿಲಕ ಇರುವ ಗೇಟು. ನೀರಿನ ಮೇಲೆ ಗಟ್ಟಿ ಕಂಬಿಯ ಜಾಲರಿ ಹಾಕಿದರೆ ಇನ್ನೂ ಒಳ್ಳೆಯದು. ಒಳಗೆ ಒಂದು ಕಡೆ ಕಲ್ಲಿನ ಮೆಟ್ಟಿಲು ಇರಲಿ. ಬಿದ್ದ ಬೆಕ್ಕಿನ ಮರಿಯೂ ಹತ್ತಿ ಬರಬೇಕು. ಬೇಲಿಗೆ ದುಡ್ಡಿಲ್ಲದಿದ್ದರೆ ಹೊಂಡ ಈ ವರ್ಷ ಬೇಡ. ಮುಂದಿನ ವರ್ಷ ಮಾಡೋಣ. ಮಳೆ ಮತ್ತೆ ಬರುತ್ತದೆ.

ಮಣ್ಣು ಬಲ್ಲವರು

ಎರಡು ಅಡಿಗಿಂತ ಆಳ ಹೋಗಬೇಕಾದರೆ, ಇಂಗುಬಾವಿ ಬೇಕಾದರೆ, ಹಳೆಯ ಬಾವಿಯ ಹೂಳು ತೆಗೆಸಬೇಕಾದರೆ ಬಲ್ಲವರನ್ನೇ ಕರೆಯಬೇಕು. ಅವರು ಮಣ್ಣು ವಡ್ಡರು, ಭೋವಿ ಜನ. ತಲೆತಲಾಂತರದಿಂದ ಈ ನಾಡಿನ ಕೆರೆ, ಬಾವಿ ತೋಡಿದ ಕೈ ಅವರದು. 12ನೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಶರಣ ಸಿದ್ಧರಾಮೇಶ್ವರರನ್ನು ಅವರು ಗುರು ಅಂತ ಪೂಜಿಸುತ್ತಾರೆ.

ಬೋರ್‌ವೆಲ್ ಬಂದ ಮೇಲೆ ಅವರ ಕೆಲಸ ಹೋಯಿತು. ಈಗ ಮತ್ತೆ ಸ್ವಲ್ಪ ಕೆಲಸ ಬಂದಿದೆ. 2009ರಲ್ಲಿ ಬೆಂಗಳೂರಿನಲ್ಲಿ ಮಳೆಕೊಯ್ಲು ಕಡ್ಡಾಯವಾಯಿತು. ಹೊಸದಾಗಿ ಕಟ್ಟುವವರಿಗೆ 30-40 ಸೈಟಿನಿಂದ, ಹಳೆಯ ಮನೆಗೆ 40-60 ಸೈಟಿನಿಂದ ಅನ್ವಯ ಅಂತ ಮಾಡಿದರು. ಬಯೋಮ್ ಪರಿಸರ ಟ್ರಸ್ಟಿನವರು ನಗರಕ್ಕೆ ಹತ್ತು ಲಕ್ಷ ಬಾವಿ ಬೇಕು ಅಂತ ಒಂದು ಚಳವಳಿ ನಡೆಸಿದ್ದಾರೆ. ಸರ್ಜಾಪುರದ ಕಡೆಯ ಭೋವಿಪಾಳ್ಯದ ಬಾವಿ ತೋಡುವವರು ಅದರ ಬೆನ್ನೆಲುಬು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳು ತೆಗೆದವರು, ಇಂಗುಬಾವಿ ತೋಡಿದವರು ಅವರೇ.

ಮಣ್ಣಿನ ಬಣ್ಣ ನೋಡಿ, ಗುದ್ದಲಿಯ ಸದ್ದು ಕೇಳಿ ನೀರಿನ ಆಳ ಹೇಳುವವರು ಅವರು. ಇದು ದೊಡ್ಡ ವಿದ್ಯೆ. ಅಕ್ಷರ ಬಾರದವರಿಗೆ ವಿದ್ಯೆ ಇಲ್ಲ ಅಂತ ಹೇಳುವವರು ಇದನ್ನು ನೋಡಬೇಕು. ಅವರ ಕೂಲಿಯಲ್ಲಿ ಚೌಕಾಸಿ ಬೇಡ. ಮಳೆ ಬಂದಾಗ ಬೇಗ ಬೇಗ ಮುಗಿಸಿ ಅಂತ ಅವಸರ ಮಾಡಬೇಡಿ. ಅವರು ಇವತ್ತು ಇಳಿಯುವುದು ಬೇಡ ಅಂದರೆ ಬೇಡ. ಮುಚ್ಚಿಟ್ಟಿದ್ದ ಹಳೆಯ ಬಾವಿಯಲ್ಲಿ ಕೆಟ್ಟ ಗಾಳಿ ಇರುತ್ತದೆ. ಗಾಳಿ ಆಡಿಸದೆ, ಸೊಂಟಕ್ಕೆ ಹಗ್ಗ ಇಲ್ಲದೆ ಯಾರನ್ನೂ ಇಳಿಸಬಾರದು. ಹೊಂಡದ ಬೆಲೆ ರೂಪಾಯಿಯಲ್ಲಿ ಇರಲಿ. ಜೀವದಲ್ಲಿ ಬೇಡ.

ಬರೆದಿಡೋಣ

ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ ಮಳೆಕೊಯ್ಲಿನ ಒಂದು ಉದ್ಯಾನ ಮಾಡಿದೆ. ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಒಂದು ಭಾನುವಾರ ಎಲ್ಲರೂ ಸೇರಿ ಹೋಗಿಬರೋಣ. ಬೋರ್ಡುಗಳನ್ನು ನಾವೇ ಓದೋಣ.

ಹೊಂಡ ಆದ ಮೇಲೆ ಒಂದು ಕೋಲಿಗೆ ಗೇಣು ಗೇಣಿಗೆ ಗೆರೆ ಹಾಕಿ ನೀರಿನಲ್ಲಿ ನಿಲ್ಲಿಸಿ. ಒಂದು ನೋಟ್ ಪುಸ್ತಕ ಇಡಿ. ಮೂರು ಮನೆ ಎಳೆಯಿರಿ. ಮೊದಲನೆಯದರಲ್ಲಿ ತಾರೀಖು. ಎರಡನೆಯದರಲ್ಲಿ ಮಳೆ ಬಂತೋ ಇಲ್ಲವೋ. ಮೂರನೆಯದರಲ್ಲಿ ನೀರು ಎಷ್ಟನೇ ಗೆರೆಗೆ ಇದೆ. ದಿನಕ್ಕೆ ಒಂದು ಸಾಲು ಸಾಕು. ವರ್ಷ ತುಂಬುವ ಹೊತ್ತಿಗೆ ನಮ್ಮ ಹಿತ್ತಲಿನ ಮಳೆಯ ಚರಿತ್ರೆ ನಮ್ಮ ಕೈಯಲ್ಲೇ ಇರುತ್ತದೆ. ಯಾರಾದರೂ ಬಂದು ಬೆಂಗಳೂರಿನಲ್ಲಿ ನೀರಿಲ್ಲ ಅಂದರೆ, ಪುಸ್ತಕ ತೆಗೆದು ತೋರಿಸಿ. ಇಷ್ಟು ಬಂತು, ಇಷ್ಟು ಹಿಡಿದೆವು, ಇಷ್ಟು ಹರಿದುಹೋಯಿತು ಅಂತ ಓದಿ ಹೇಳಿ.

ಈ ವಾರ ಹೊಂಡ ಬೇಡ. ಈ ವಾರದ ಕೆಲಸ ಇಷ್ಟೇ. ಮುಂದಿನ ಮಳೆಗೆ ಛತ್ರಿ ಹಿಡಿದು ಹಿತ್ತಲಲ್ಲಿ ನಿಲ್ಲಿ. ನೀರು ಎಲ್ಲಿಗೆ ಹೋಗುತ್ತದೆ ನೋಡಿ. ನೋಡಿದ್ದನ್ನು ಐದು ಸಾಲು ಬರೆದು ತನ್ನಿ. ಸೋಮವಾರ ಓದೋಣ.